ಎಡಗಿವಿಯ ಗುರುತು

ಈ ಸಲದ ಕಿವಿ ತೀರ ಒಣಗಿತ್ತು. ಬೆಳಿಗ್ಗೆಯಿಂದ ಕಸ್ತೂರಿಗೆ ಅದೊಂದೇ ಯೋಚನೆ. ಮೂಡಲಗಿಯ ಹೈಸ್ಕೂಲಿನ ಆಫೀಸು ಕೋಣೆಯಲ್ಲಿ ಫ್ಯಾನು ಕಿರುಗುಡುತ್ತ ತಿರುಗುತ್ತಿತ್ತು. ಮೇಜಿನ ಮೇಲೆ ಅವಳದೇ ನಿವೃತ್ತಿಯ ಕಾಗದಗಳು ಹರಡಿಕೊಂಡಿದ್ದವು. ಇನ್ನು ಹತ್ತು ದಿನಕ್ಕೆ ಮಾರ್ಚ್ ತಿಂಗಳೂ ಮುಗಿಯುತ್ತಿತ್ತು, ಹದಿನೆಂಟು ವರ್ಷದ ಗುಮಾಸ್ತಗಿರಿಯೂ ಮುಗಿಯುತ್ತಿತ್ತು. ಹುಟ್ಟಿದ ತಾರೀಖು ಬರೆದಳು, ನೌಕರಿಗೆ ಸೇರಿದ ತಾರೀಖು ಬರೆದಳು, ಬ್ಯಾಂಕಿನ ಖಾತೆ ನಂಬರನ್ನು ಎರಡು ಸಲ ತಾಳೆ ನೋಡಿ ಬರೆದಳು, ಅಷ್ಟರಲ್ಲಿ ಪೆನ್ನು ನಿಂತು ಮತ್ತೆ ಆ ಕಿವಿ ಕಣ್ಣಮುಂದೆ ಬಂತು. ರವಿವಾರ ಅಣ್ಣ ಮುತ್ತಪ್ಪ ಬಂದಿದ್ದ. ಎಂದಿನಂತೆ ಕೆರ ಹೊಸ್ತಿಲಾಚೆ ಬಿಟ್ಟು, ಪಾವು ಕಿಲೋ ಕರದಂಟಿನ ಡಬ್ಬಿ ಅವಳ ಕೈಗಿಟ್ಟು, ಅದರ ಮೇಲೊಂದು ಹಳೆ ಪೇಪರಿನ ಪೊಟ್ಟಣ ಇಟ್ಟು, "ಇನ್ನೊಂದ ಹೋತ್ ನೋಡವ್ವಾ ತಂಗಿ" ಅಂದಿದ್ದ. ಸಾವಿನ ಸುದ್ದಿ ಬರಿಗೈಯಲ್ಲಿ ತರಬಾರದೆಂದು ಅವನು ಕರದಂಟು ತರುವುದು. ಪೊಟ್ಟಣದಲ್ಲಿ ಕುರಿಯ ಎಡಗಿವಿ. ಹಿಂದೆಲ್ಲ ಅವನು ತಂದ ಕಿವಿಗೆ ಉಪ್ಪು ಅರಿಷಿಣದ ವಾಸನೆ ಇರುತ್ತಿತ್ತು, ಬಗ್ಗಿಸಿದರೆ ಬಗ್ಗುತ್ತಿತ್ತು. ಇದು ಬಗ್ಗಿಸಹೋದರೆ ಹಳೆಯ ಚರ್ಮದ ಪಟ್ಟಿಯ ಹಾಗೆ ಬಿರುಕುಬಿಟ್ಟಿತು. ಎಂಟು ದಿನದ ಹಿಂದೆ ಸತ್ತದ್ದಂತೆ. ಎಂಟು ದಿನದಲ್ಲಿ ಇಷ್ಟು ಒಣಗುತ್ತದೆಯೇ? ಬಿಸಿಲು ಜೋರಾಗಿದೆ, ಒಣಗಿದ್ದರೂ ಒಣಗಿರಬಹುದು ಎಂದುಕೊಂಡು ಮುಂದಿನ ಸಾಲು ಓದಿದಳು.

ತುಕ್ಕಾನಟ್ಟಿಯ ಕುರುಬರ ಮನೆಯಲ್ಲಿ ಹುಟ್ಟಿದವಳಿಗೆ ಸತ್ತ ಕುರಿಯ ಕಿವಿ ಹೊಸದಲ್ಲ. ಅದು ಅಪ್ಪ ಹಾಕಿಕೊಟ್ಟ ಪದ್ಧತಿ. ಹಿಂಡು ಒಂದೇ, ಒಡೆಯರು ಇಬ್ಬರು. ಅಣ್ಣನ ಕುರಿಗೆ ಬಲಗಿವಿಯ ತುದಿಯಲ್ಲಿ ಕಚ್ಚು, ತಂಗಿಯ ಕುರಿಗೆ ಎಡಗಿವಿಯಲ್ಲಿ. ಕಾಯುವವನು ಅಣ್ಣನಾದ್ದರಿಂದ ಅವಳ ಕುರಿ ಈದ ಮರಿಗಳಲ್ಲಿ ಅರ್ಧ ಪಾಲು ಅವನಿಗೆ. ಕುರಿ ಸತ್ತರೆ ಗುರುತಿನ ಕಿವಿ ಕೊಯ್ದು ತಂದು ಒಡೆಯರ ಕೈಗೆ ಕೊಡಬೇಕು. ಕಿವಿ ಬಂತೆಂದರೆ ಕುರಿ ಹೋಯಿತು, ಅದರ ಮೇಲೆ ಮಾತಿಲ್ಲ, ಪ್ರಮಾಣವಿಲ್ಲ. ಎಳೆತನದಲ್ಲಿ ಕಾಲು ಮುರಿದು ಸರಿಯಾಗಿ ಕೂಡದೆ ಕುಂಟುವ ಹುಡುಗಿ ಹಿಂಡಿನ ಹಿಂದೆ ನಡೆಯಲಾರಳು ಎಂಬ ಒಂದೇ ಕಾರಣಕ್ಕೆ ಅಪ್ಪ ಅವಳನ್ನು ಸಾಲೆಗೆ ಹಾಕಿದ. ನೆಟ್ಟಗೆ ಕಾಲಿದ್ದ ಅಣ್ಣ ನಾಲ್ಕನೆಯ ಇಯತ್ತೆಗೆ ಪಾಟಿ ಬಿಸಾಕಿ ಕೋಲು ಹಿಡಿದ. ಮುಂದೆ ಹುಕ್ಕೇರಿಗೆ ಮದುವೆಯಾಗಿ ಹೋದಳು, ಮಕ್ಕಳಾಗಲಿಲ್ಲ, ಮಾಸ್ತರನಾಗಿದ್ದ ಗಂಡ ಒಂದು ಮಧ್ಯಾಹ್ನ ಸಾಲೆಯ ಕಟ್ಟೆಯ ಮೇಲೆ ಕೂತಲ್ಲೇ ಹೋದ, ಅನುಕಂಪದ ಮೇಲೆ ಅವಳಿಗೆ ಈ ನೌಕರಿ ಬಂತು. ಪಗಾರದಲ್ಲಿ ಅರ್ಧ ನಮಗೆ ಕೊಡು ಎಂದು ಕೂತ ಹುಕ್ಕೇರಿಯವರ ಮನೆಯಿಂದ ಒಂದೇ ಟ್ರಂಕಿನಲ್ಲಿ ಅವಳನ್ನು ಕರೆತಂದವನು ಇದೇ ಮುತ್ತಪ್ಪ. ಟ್ರಂಕನ್ನು ತಲೆಯ ಮೇಲೆ ಹೊತ್ತು ಸ್ಟ್ಯಾಂಡಿನ ತನಕ ನಡೆದಿದ್ದ. ಮೊದಲ ವರ್ಷದ ಅರಿಯರ್ಸು ಬಂದ ದಿನ ಅವಳು ಯಾರನ್ನೂ ಕೇಳದೆ ಅವನ ಹಿಂಡಿಗೆ ನಾಲ್ಕು ಕುರಿ ಕೊಂಡು ಬಿಟ್ಟಳು.

"ಬಾಯಾರ, ನನ್ನ ಟ್ಯಾಕ್ಸಿಂದ ಒಂದೀಟ ನೋಡ್ರಿಲಾ. ಹಳೇದ್ರಾಗ ಹೋಗ್ಲೋ ಹೊಸಾದ್ರಾಗ ಹೋಗ್ಲೋ ತಿಳೀವಲ್ದು" ಎಂದು ಸೋಮಶೇಖರ ಸರ್ ಬಾಗಿಲಲ್ಲಿ ನಿಂತರು. ಗಣಿತದ ಮಾಸ್ತರು, ಪ್ರಭಾರಿ ಹೆಡ್ ಮಾಸ್ತರು. ಮಕ್ಕಳಿಗೆ ಚಕ್ರಬಡ್ಡಿ ಕಲಿಸುವವರು, ತಮ್ಮ ತೆರಿಗೆಯ ಹಾಳೆ ಕಂಡರೆ ಬೆವರುವವರು.

"ಮನಿ ಸಾಲಾ ಮುಗದೈತಿಲ್ರಿ ಸರ್ ನಿಮ್ದು? ಮತ್ಯಾಕ ಹಳೇದ್ರ ಗೊಡವಿ. ಸುಮ್ಮ ಹೊಸಾದ್ರಾಗ ಹೋಗ್ರಿ."

"ನೀವು ಹೋದ್ರ ನಮ್ಮ ಕಣ್ಣ ಕಟ್ಟಿ ಬಿಟ್ಟಂಗ ಆಗತೈತ್ರಿ" ಎಂದು ಅವರು ನಕ್ಕು ಹೋದರು. ಕಸ್ತೂರಿಗೆ ಹೆಮ್ಮೆ ಎನಿಸಿತು, ಹಿಂದೆಯೇ ನಾಚಿಕೆಯೂ. ಈ ಸಾಲೆಯಲ್ಲಿ ಯಾರು ಎಷ್ಟು ಉಳಿಸಬೇಕು, ಯಾವ ವಿಮೆ ದಂಡ, ಯಾವುದಕ್ಕೆ ವಿನಾಯಿತಿ, ಅರವತ್ತರ ಮೇಲೆ ಕೈಯಲ್ಲಿ ಎಷ್ಟಿರಬೇಕು ಎಂದು ಹೇಳಿಕೊಡುವವಳು ಅವಳು. ಎಲ್ಲ ಹಣವನ್ನೂ ಒಂದೇ ಕಡೆ ಇಡಬೇಡಿ ಎಂದು ಹೊಸ ಮಾಸ್ತರರಿಗೆ ಬೈದು ಹೇಳುತ್ತಿದ್ದಳು. ಕಾಗದವಿಲ್ಲದ ವ್ಯವಹಾರ ಮಾಡಬೇಡಿ, ಅಣ್ಣತಮ್ಮಂದಿರೇ ಆಗಲಿ ಎಂದೂ ಹೇಳುತ್ತಿದ್ದಳು. ತನ್ನದು ಮಾತ್ರ ಎಲ್ಲವೂ ಅಣ್ಣನ ಹಿಂಡಿನಲ್ಲಿ, ಒಂದು ಚೀಟಿಯೂ ಇಲ್ಲದೆ. ಅವಳು ನೌಕರಿಗೆ ಸೇರುವ ಹೊತ್ತಿಗೆ ಹಳೆಯ ಪೆನ್ಶನ್ ಮುಗಿದುಹೋಗಿತ್ತು. ಹೊಸದರಲ್ಲಿ ಈಗ ಕೈಗೆ ಬರುವ ಗಂಟು ಒಂದಿಷ್ಟು, ಉಳಿದದ್ದರಿಂದ ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ನಾಲ್ಕು ಸಾವಿರದಲ್ಲಿ ಬಾಡಿಗೆ ಕೊಟ್ಟು ಉಣ್ಣಲಾಗದು. ಅದಕ್ಕೆಂದೇ ಸಾಲೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆಯೊಂದಕ್ಕೆ ಮುಂಗಡ ಕೊಟ್ಟಿದ್ದಳು. ಯಾರ ಅಂಗಳದಲ್ಲೂ ಮುದುಕಿಯಾಗಿ ಕೂರಬಾರದು, ತನ್ನ ಬಾಗಿಲಿಗೆ ತಾನೇ ಚಿಲಕ ಹಾಕಬೇಕು, ಅವಳ ಆಸೆ ಅಷ್ಟೇ. ಪೆನ್ಶನ್ನಿನ ಗಂಟು ಆ ಮನೆಗೆ ಸಾಲುತ್ತಿರಲಿಲ್ಲ, ಕೊರೆ ಬಿದ್ದದ್ದನ್ನು ಕುರಿ ತುಂಬಬೇಕಿತ್ತು. ಒಂದು ಕಾಲಕ್ಕೆ ಐವತ್ತಿದ್ದವು. ಈ ಮೂರು ವರ್ಷದಲ್ಲಿ ಅಣ್ಣ ಒಂದೊಂದಾಗಿ ಮೂವತ್ತೆರಡು ಕಿವಿ ತಂದಿದ್ದ. ಉಳಿದ ಹದಿನೆಂಟು ಮಾರಿದರೆ ಸರಿಹೋಗುತ್ತದೆ. ತಿಂಗಳ ಕೊನೆಗೆ ಬಾಕಿ ಕೊಡದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ.

ಕೊನೆಯ ಹಾಳೆಯಲ್ಲಿ ನಾಮಿನಿಯ ಹೆಸರು ಎಂದಿತ್ತು. ತನ್ನ ನಂತರ ಈ ಹಣ ಯಾರಿಗೆ ಸೇರಬೇಕು ಎಂಬ ಸಾಲು. ಹದಿನೆಂಟು ವರ್ಷದ ಹಿಂದೆ ಬರೆದ ಹೆಸರನ್ನೇ ಈಗಲೂ ಬರೆಯಬೇಕು, ಅದಕ್ಕೆ ಯೋಚನೆಯೇನು ಬೇಡ, ಆದರೆ ಈಗ ಆಧಾರ್ ನಂಬರನ್ನೂ ಕೇಳುತ್ತಾರೆ. ಅಣ್ಣನ ನಂಬರು ಅವಳ ಹತ್ತಿರ ಇರಲಿಲ್ಲ. ಫೋನು ಮಾಡಿದರೆ ಹತ್ತಲಿಲ್ಲ. ಹಿಂಡು ಈಗ ಕೌಜಲಗಿಯ ಆಚೆ ಯಾರದೋ ಹೊಲದಲ್ಲಿದೆ ಎಂದು ರವಿವಾರ ಹೇಳಿದ್ದ. ಹೋಗಿಯೇ ಬಿಡೋಣ, ನಂಬರೂ ಸಿಗುತ್ತದೆ, ಹದಿನೆಂಟನ್ನೂ ಕಣ್ಣಾರೆ ನೋಡಿದಂತಾಗುತ್ತದೆ ಎಂದು ಅರ್ಧ ದಿನದ ರಜೆ ಬರೆದಿಟ್ಟು ಎದ್ದಳು. ದಾರಿಯಲ್ಲಿ ಮನೆಗೆ ಹೋಗಿ ಕಪಾಟಿನ ತಳದಿಂದ ಬಿಸ್ಕಿಟ್ಟಿನ ತಗಡಿನ ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಏಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅದರಲ್ಲಿ ಮೂವತ್ತೆರಡು ಕಿವಿಗಳಿದ್ದವು, ಆಫೀಸಿನ ಫೈಲಿಗೆ ಕಟ್ಟುವ ಬಿಳಿಯ ಟ್ಯಾಗಿನಲ್ಲಿ ಸಾಲಾಗಿ ಪೋಣಿಸಿದ್ದು. ಗುಮಾಸ್ತೆಯ ಬುದ್ಧಿ, ರಸೀದಿ ಎಸೆಯಲು ಮನಸ್ಸಾಗದು.

ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿಸಿಕೊಂಡು ಕಿಟಕಿಗೆ ಕೂತಳು. ಕಬ್ಬು ಕಡಿದ ಹೊಲಗಳು, ಒಣಗರಿಯ ರವದಿ ಸುಟ್ಟ ಕಪ್ಪು, ನಡುವೆ ಹಸಿರು ಪಟ್ಟಿ. ಸೊನ್ನೆಯನ್ನು ನೋಡುತ್ತ ಇನ್ನೊಂದು ಸೊನ್ನೆ ನೆನಪಾಯಿತು. ಪ್ರತಿ ಮಾರ್ಚಿಗೆ ಸರಕಾರಿ ನೌಕರರೆಲ್ಲ ತಮ್ಮ ಆಸ್ತಿಯ ವಿವರ ಬರೆದುಕೊಡಬೇಕು. ಎಲ್ಲರಿಂದ ಬರೆಸಿ, ಒಟ್ಟುಮಾಡಿ ಗೋಕಾಕಿಗೆ ಕಳಿಸುವವಳು ಕಸ್ತೂರಿಯೇ. ಸ್ಕೂಟರು ಬರೆಯದವರಿಗೆ ಸ್ಕೂಟರು ಬರೆಯಿರಿ ಎನ್ನುತ್ತಿದ್ದಳು, ಹೆಂಡತಿಯ ಬಂಗಾರ ಬರೆಯದವರಿಗೆ ಬಂಗಾರ. ತನ್ನ ಹಾಳೆಯ ಚರಾಸ್ತಿಯ ಮುಂದೆ ಮಾತ್ರ ಹದಿನೇಳು ವರ್ಷವೂ 'ಇಲ್ಲ' ಎಂದೇ ಬರೆದಳು. ಮೊದಲ ವರ್ಷ ನಾಲ್ಕು ಕುರಿ ಏನು ಬರೆಯುವುದು ಎಂದು ಬಿಟ್ಟದ್ದು. ಆಮೇಲೆ ಹದಿನಾಲ್ಕಾದವು, ಮೂವತ್ತಾದವು, ಎಲ್ಲಿಂದ ಬಂದವು ಎಂದು ಕೇಳಿಯಾರೆಂಬ ಭಯ. ಅದೇ ಭಯದಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದ್ದಳು. ಅಣ್ಣ ಆಫೀಸಿಗೇ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು. ದನದ ದವಾಖಾನೆಯವರು ಹಿಂಡನ್ನು ಬರೆದುಕೊಂಡು ಕುರಿಗಳ ಕಿವಿಗೆ ಹಳದಿ ಬಿಲ್ಲೆ ಹೊಡೆಯುತ್ತಾರಂತೆ, ಹಾಗೆ ಬರೆಸಿದ ಕುರಿ ಸತ್ತರೆ ಪರಿಹಾರ ಬರುತ್ತದಂತೆ, ಅರ್ಜಿ ತುಂಬಿಕೊಡು ಎಂದ. ಅವಳು ಒಳಗೇ ಲೆಕ್ಕ ಹಾಕಿದಳು. ಎಲ್ಲ ಅಣ್ಣನ ಹೆಸರಿಗೆ ಬರೆದರೆ ತನ್ನವು ಹೋದವು, ತನ್ನ ಹೆಸರಿಗೆ ಬರೆಸಿದರೆ 'ಇಲ್ಲ' ಎಂದ ಹಾಳೆಗಳು ಎದ್ದು ಬರುತ್ತವೆ. "ಅದೆಲ್ಲಾ ಭಾಳ ಕಿರಿಕಿರಿ ಅಣ್ಣಾ, ಮುಂದಿನ ವರ್ಷ ನೋಡೂನು" ಎಂದು ಚಹಾ ಕುಡಿಸಿ ಕಳಿಸಿದಳು. ಮುಂದಿನ ವರ್ಷ ಬರುವುದರೊಳಗೆ ಹಿಂಡಿಗೆ ಬೇನೆ ಬಂತು. ವಾರದಲ್ಲಿ ಅರವತ್ತು ಕುರಿ ಬಾಯಲ್ಲಿ ನೊರೆ ಸುರಿಸಿ ಸತ್ತವು. ಅಣ್ಣ ಬಂದು ಅವಳ ಹೊಸ್ತಿಲ ಮೇಲೆ ಕೂತು ಹೆಂಗಸರ ಹಾಗೆ ಅತ್ತ. ಅವಳು ನೀರು ತಂದುಕೊಟ್ಟಳು, ಬೆನ್ನು ಸವರಿದಳು, ಏನೋ ಒಂದು ಮಾತು ಕೇಳಿದಳು. ಏನು ಕೇಳಿದ್ದೆಂದು ಈಗ ನೆನಪಾಗಲಿಲ್ಲ. ಕಾಗದದಲ್ಲಿ ಇಲ್ಲದ ಕುರಿಗೆ ಪರಿಹಾರ ಹೇಗೆ ಬರುತ್ತದೆ ಎಂದು ಆಮೇಲೆ ತಿಳಿಸಿ ಹೇಳಿದ್ದು ಮಾತ್ರ ನೆನಪಿದೆ.

ಕೌಜಲಗಿಯಲ್ಲಿ ಇಳಿದು ಕಾಲುವೆಯ ದಾರಿಯಲ್ಲಿ ಒಂದೂವರೆ ಮೈಲು ಕುಂಟಿದಳು. ಗೊಬ್ಬರಕ್ಕೆಂದು ಹೊಲದವರು ಹಿಂಡು ನಿಲ್ಲಿಸಿಕೊಂಡಿದ್ದರು. ಬಲೆಯ ಬೇಲಿ, ಒಂದು ತಾಡಪತ್ರಿಯ ಗುಡಾರ, ಬೇವಿನ ನೆರಳಿನಲ್ಲಿ ತಲೆ ತಗ್ಗಿಸಿ ಒತ್ತಿಕೊಂಡು ನಿಂತ ಕುರಿಗಳು. ಹಿಕ್ಕೆ, ಉಣ್ಣೆ, ಹಾಲಿನ ವಾಸನೆ ಮೂಗಿಗೆ ಬಡಿದದ್ದೇ ಅವಳಿಗೆ ಅಪ್ಪ ನೆನಪಾಗಿ ಕಣ್ಣು ತುಂಬಿತು. ಎಷ್ಟು ವರ್ಷವಾಯಿತು ಹಿಂಡಿನ ಹತ್ತಿರ ಬಂದು! ಅಣ್ಣನೇ ಮನೆಗೆ ಬರುತ್ತಿದ್ದ, ಬಿಸಿಲಲ್ಲಿ ನೀ ಯಾಕ ಬರತಿ ಆ ಕಾಲಿನಾಗ ಎನ್ನುತ್ತಿದ್ದ. ಅವನು ಇರಲಿಲ್ಲ. ಅವನ ಹೆಂಡತಿ ಕರೆವ್ವ ಗುಡಾರದಿಂದ ಹೊರಬಂದು ಇವಳನ್ನು ಕಂಡು, ಸೆರಗು ಸರಿಮಾಡಿಕೊಳ್ಳಲು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ನೀವಾ ಬಂದ್ರಿ?"

"ಅಣ್ಣನ ಆಧಾರ ನಂಬರ ಬೇಕಾಗಿತ್ತ ವೈನಿ. ಮತ್ತ ಕುರಿ ನೋಡಿದಂಗೂ ಆತು ಅಂತ."

"ಕುರಿ ಏನ ನೋಡತೀರಿ ಕಸ್ತೂರವ್ವಾ. ಕುಂದರ್ರಿ, ಚಾ ಮಾಡತೇನಿ" ಎಂದು ಕರೆವ್ವ ಒಲೆಯ ಕಡೆ ತಿರುಗಿದಳು, ಆದರೆ ಒಲೆಯ ಮುಂದೆ ಕೂತು ಬೆಂಕಿ ಹಚ್ಚಲಿಲ್ಲ. ಕಸ್ತೂರಿ ಬೇಲಿಯ ಹತ್ತಿರ ಹೋಗಿ ನಿಂತಳು. ತನ್ನ ಕಚ್ಚು ಹುಡುಕುವುದು ಅವಳಿಗೆ ಎಳೆತನದ ಆಟ, ನೂರು ತಲೆಯ ನಡುವೆ ಕಣ್ಣು ತಾನಾಗಿ ಹೋಗಿ ಎಡಗಿವಿಯ ಮೇಲೆ ಕೂರುತ್ತಿತ್ತು. ಇವತ್ತು ಕಣ್ಣು ಹೋಗಿ ಕೂರಲು ಜಾಗವೇ ಸಿಗಲಿಲ್ಲ. ಕರಿಯ ಕುರಿಯೊಂದು ತಲೆ ತಿರುಗಿಸಿತು, ಅದಕ್ಕೆ ಎಡಗಿವಿ ಇರಲಿಲ್ಲ. ಕಿವಿ ಇರಬೇಕಾದಲ್ಲಿ ಮಾಗಿದ ಬೋಳು ಗಂಟು. ಬಲಗಿವಿಯಲ್ಲಿ ಹಳದಿ ಬಿಲ್ಲೆ. ಪಾಪ, ನಾಯಿ ಹಿಡಿದಿರಬೇಕು ಎಂದುಕೊಂಡಳು. ಅದರ ಬಾಜೂ ಇನ್ನೊಂದು, ಅದಕ್ಕೂ ಎಡಗಿವಿ ಇಲ್ಲ. ಅದರಾಚೆ ಮತ್ತೊಂದು. ಎಷ್ಟು ನಾಯಿಗಳು ಹಿಡಿದಾವು? ಅವಳ ಮನಸ್ಸು ಸುಳ್ಳೊಂದನ್ನು ಹುಡುಕುತ್ತ ಇನ್ನೂ ಓಡಾಡುತ್ತಿದ್ದಾಗಲೇ ಹಿಂಡಿನ ನಡುವಿನಿಂದ ಹಣೆಯ ಮೇಲೆ ಬಿಳಿ ಬೊಟ್ಟಿನ ಒಂದು ಕುರಿ ಎದ್ದು, ಬೇರೆಯವನ್ನು ದೂಡಿಕೊಂಡು ಬೇಲಿಗೆ ಬಂತು, ಬಂದು ಅವಳ ಅಂಗೈಗೆ ಮೂಗು ಹಚ್ಚಿತು.

ಚಂದ್ರಿ. ತಾಯಿ ಸತ್ತ ಮರಿ ಎಂದು ಅಣ್ಣ ತಂದುಬಿಟ್ಟಿದ್ದ, ಬಾಡಿಗೆ ಮನೆಯಲ್ಲಿ ಒಂದೂವರೆ ತಿಂಗಳು ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಮನೆಯ ಒಡತಿ ಗದರಿದರೂ ರಾತ್ರಿ ಕಾಲ ಬುಡದಲ್ಲೇ ಮಲಗಿಸಿಕೊಂಡಿದ್ದಳು. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಅದರ ಕಿವಿ ಬಂತು. ಆವತ್ತು ಅವಳು ಉಂಡಿರಲಿಲ್ಲ, ಅಣ್ಣನೇ ಸಮಾಧಾನ ಹೇಳಿ ತುತ್ತು ತಿನಿಸಿ ಹೋಗಿದ್ದ. ಈಗ ಅದೇ ಚಂದ್ರಿ ಜೀವಂತ ನಿಂತು ಅವಳ ಬೆರಳು ನೆಕ್ಕುತ್ತಿದೆ, ಎಡಗಿವಿಯಿಲ್ಲದೆ, ಬಲಗಿವಿಯಲ್ಲಿ ಸರಕಾರದ ಬಿಲ್ಲೆ ತೂಗಿಸಿಕೊಂಡು. ಸತ್ತದ್ದು ಬದುಕಿ ಬಂದರೆ ಸಂತೋಷವಾಗಬೇಕು. ಅವಳಿಗೆ ಆದದ್ದು ಬೇರೆ. ಹಿಂದೆ ಅಣ್ಣ ತಿನಿಸಿದ ಆ ತುತ್ತು ನೆನಪಾಯಿತು. ಮೋಸ, ಮೋಸ ಎಂದು ಒಳಗೆ ಯಾರೋ ಚೀರಿದರು, ಹೊರಗೆ ಮಾತ್ರ ಅವಳು ಚಂದ್ರಿಯ ಹಣೆ ಸವರುತ್ತ ನಿಂತಿದ್ದಳು, ಅದರ ತಪ್ಪೇನಿದೆ ಎಂದು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಕರೆವ್ವ ಹಳೆಯ ಕುಬಸದ ಕಣದಲ್ಲಿ ಕಟ್ಟಿದ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ತಗೋರಿ. ಇದನ್ನ ತಲಿಬುಡಕ ಇಟ್ಟಕೊಂಡ ಮೂರು ವರ್ಷ ನನಗ ನಿದ್ದಿ ಬಂದಿಲ್ಲ."

ಬಿಚ್ಚುವ ಮೊದಲೇ ಕಸ್ತೂರಿಗೆ ಗೊತ್ತಾಗಿತ್ತು. ಬೇವಿನ ಎಲೆಯ ನಡುವೆ ಕಿವಿಗಳು, ಸುರುಟಿಕೊಂಡು ಕಲ್ಲಾದವು, ಒಂದೊಂದರ ತುದಿಯಲ್ಲೂ ಅಪ್ಪ ಹಾಕಿಕೊಟ್ಟ ಕಚ್ಚು. ನೆಲದ ಮೇಲೆ ಕೂತು ಎಣಿಸಿದಳು. ಹದಿನೆಂಟು. ಚೀಲದಲ್ಲಿದ್ದ ಡಬ್ಬಿಯ ಮೂವತ್ತೆರಡೂ ಸೇರಿ ಐವತ್ತು. ಇವು ಇನ್ನು ಹದಿನೆಂಟು ತಿಂಗಳು ತಿಂಗಳಿಗೊಂದರಂತೆ ಅವಳ ಹೊಸ್ತಿಲಿಗೆ ಬರಬೇಕಾದವು, ಕರದಂಟಿನ ಡಬ್ಬಿಯ ಮೇಲೆ. ಎಷ್ಟು ನೇಮದಿಂದ ಬರುತ್ತಿದ್ದ! ಅವಳ ಪೆನ್ಶನ್ನೂ ಅಷ್ಟು ನೇಮದಿಂದ ಬಂದೀತೋ ಇಲ್ಲವೋ.

ಮೋಟಾರ್ ಸೈಕಲ್ಲಿನ ಸಪ್ಪಳ ಕಾಲುವೆಯ ಕಡೆಯಿಂದ ಬಂತು. ಮುತ್ತಪ್ಪ ಇಳಿದು, ತಂಗಿಯನ್ನೂ ಅವಳ ಉಡಿಯಲ್ಲಿದ್ದ ಗಂಟನ್ನೂ ನೋಡಿದ. ಹೆಂಡತಿಯ ಕಡೆ ಒಮ್ಮೆ ನೋಡಿದ, ಬೈಯಲಿಲ್ಲ. ಹಿಂಡಿ ತುಂಬಿದ ಚೀಲ ಇಳಿಸಿ ಅದರ ಮೇಲೆಯೇ ಕೂತ. ಅವನು ಓಡುತ್ತಾನೆ, ಇಲ್ಲವೇ ಕಾಲು ಹಿಡಿಯುತ್ತಾನೆ, ಇಲ್ಲವೇ ಸಿಟ್ಟಾಗುತ್ತಾನೆ ಎಂದು ಅವಳು ಕಾದಳು. ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಯಾವಾಗ ಕೊಯ್ದಿ ಅಣ್ಣಾ?"

"ಬ್ಯಾನಿ ಬಂದ ವರ್ಷ. ದವಾಖಾನ್ಯಾವ್ರು ಬಿಲ್ಲಿ ಹೊಡ್ಯಾಕ ಬರೂ ಹಿಂದಿನ ದಿನ."

"ಐವತ್ತೂ?"

"ಐವತ್ತೂ. ಮುಂಜಾನಿಂದ ಹೊತ್ತ ಮುಣಗೂತನಕ. ಅರಿಷಿಣ ಸಾಲಲಿಲ್ಲ, ಕೌಜಲಗಿಯಿಂದ ತರಿಸಿದ್ನಿ."

"ಮತ್ತ ತಿಂಗಳಿಗೊಂದ ತಂದ ಕೊಟ್ಟಿ."

"ಒಮ್ಮೆಲೆ ಐವತ್ತ ತಂದಿಟ್ಟಿದ್ರ ನೀ ತಡಕೊಂತಿದ್ದೇನ? ಒಬ್ಬಾಕೆ ಇರತಿ. ಜೀವಕ್ಕ ಏನರ ಮಾಡಕೊಂಡಿ ಅಂತ ಒಂದೊಂದ ತಂದ್ನಿ" ಎಂದ. ಅವನ ದನಿಯಲ್ಲಿ ಅಣಕವಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಕಳ್ಳ ಕಳ್ಳನ ಹಾಗೆ ಇದ್ದರೆ ಬೈಯಬಹುದು. ಇವನು ಅವಳ ಗಂಟನ್ನೂ ನುಂಗಿ ಅವಳ ಜೀವವನ್ನೂ ಕಾಯ್ದಿದ್ದ, ಎರಡನ್ನೂ ಒಂದೇ ಕೈಯಿಂದ.

"ನನ್ನ ಮುಪ್ಪಿಂದ ಅದು! ನನ್ನ ಮನಿ ಅದು! ಹದಿನೆಂಟ ವರ್ಷ ಹೊಟ್ಟಿ ಕಟ್ಟಿ ನಿನ್ನ ಕಡೆ ಇಟ್ಟಿದ್ನಿ. ಬ್ಯಾಂಕಿನ್ಯಾಗ ಇಡಲಿಲ್ಲ, ಸೊಸಾಯ್ಟಿಯಾಗ ಇಡಲಿಲ್ಲ. ನಿನ್ನ ಕಡೆ ಇಟ್ಟಿದ್ನಿ."

"ಇಟ್ಟಿದ್ದಿ ಖರೆ. ಯಾವ ಕಾಗದದಾಗ ಐತಿ?" ಎಂದ ಮುತ್ತಪ್ಪ. "ಇದು ನನ್ನ ಮಾತಲ್ಲ, ನಿಂದು. ಕಾಗದದಾಗ ಇಲ್ಲಂದ್ರ ಇಲ್ಲೋ ಅಣ್ಣಾ ಅಂತ ನೀನ ತಿಳಿಸಿ ಹೇಳಿದಿ. ಅರವತ್ತ ಸತ್ತು, ಒಂದ ರೂಪಾಯಿ ಬರಲಿಲ್ಲ ನನಗ. ಉಳದದ್ದ ಎಲ್ಲಾ ಕಾಗದದಾಗ ಬರಿಸಿದ್ನಿ, ಆವಾಗ ನಿನ್ನ ಗುರ್ತ ಇರಬಾರದಾಗಿತ್ತು."

"ಅದಕ್ಕ ನನ್ನ ಕುತ್ತಿಗಿ ಕೊಯ್ತಿ?"

"ಅದಕ್ಕಲ್ಲ" ಎಂದ. ಚಂದ್ರಿ ಬೇಲಿಗೆ ಮೈ ತಿಕ್ಕುತ್ತಿತ್ತು. "ರೊಕ್ಕದ್ದ ಹೋಗ್ಲಿ. ಅವತ್ತ ನಿನ್ನ ಹೊಸ್ತಲ ಮ್ಯಾಗ ಕುಂತ ಅಳಾಕತ್ತಿದ್ನಿ. ಅರವತ್ತ ಹೋದವು ತಂಗಿ ಅಂದ್ನಿ. ನೀ ಏನ ಕೇಳಿದಿ, ನೆನಪೈತಿ?"

"ಇಲ್ಲ."

"ಯಾವ ಕಿವ್ಯಾವು ಅಂತ ಕೇಳಿದಿ."

ಹೊಸ್ತಿಲು, ಹಿತ್ತಾಳೆಯ ತಂಬಿಗೆ, ಅಣ್ಣನ ಅಲುಗಾಡುವ ಬೆನ್ನು, ಅದರ ಮೇಲೆ ತನ್ನ ಕೈ. ಈಗ ದನಿಯೂ ಕೇಳಿಸಿತು. ಯಾವ ಕಿವ್ಯಾವು ಅಣ್ಣಾ? ಬಲಗಿವ್ಯಾವ ಎಲ್ಲಾ ಎಂದಿದ್ದ ಅವನು, ನಿನ್ನ ಗುರ್ತಿನವು ಆಚಿ ಹೊಲದಾಗಿದ್ದು, ಒಂದೂ ಹೋಗಿಲ್ಲ. ಆಗ ತನ್ನ ಎದೆಯಿಂದ ಹೊರಬಿದ್ದ ಉಸಿರು ಎಂಥದೆಂದು ಅವಳಿಗೆ ಗೊತ್ತಿತ್ತು. ಅಣ್ಣನಿಗೂ ಗೊತ್ತಾಗಿತ್ತು. ಅವನ ಬೆನ್ನು ಅವಳ ಕೈಯ ಕೆಳಗೆ ಒಮ್ಮೆಲೇ ಅಲುಗಾಡುವುದನ್ನು ನಿಲ್ಲಿಸಿತ್ತು. ಅಳು ನಿಂತಿತಲ್ಲ ಎಂದು ಆಗ ಸಮಾಧಾನಪಟ್ಟಿದ್ದಳು. ಒಂದು ಮಾತು, ಒಂದು ಉಸಿರು, ಅದಕ್ಕೆ ಐವತ್ತು ಕಿವಿಯೇ? ಇಲ್ಲ, ಇದು ಸರಿಯಲ್ಲ, ಇದು ತೂಗುವುದಿಲ್ಲ ಎಂದು ಕೂಗಬೇಕೆನಿಸಿತು. ಪೊಲೀಸರಿಗೆ ಹೋಗುತ್ತೇನೆ ಎನ್ನಬೇಕೆನಿಸಿತು. ಹೋಗಿ ಏನು ತೋರಿಸುವುದು? ಚರಾಸ್ತಿ ಇಲ್ಲ, ಇಲ್ಲ, ಇಲ್ಲ ಎಂದು ಅವಳದೇ ದುಂಡು ಅಕ್ಷರದಲ್ಲಿ ಹದಿನೇಳು ಹಾಳೆ, ಹದಿನೇಳು ಸಹಿ. ಹಾಳೆಯಲ್ಲಿ ಅವಳು ಅವುಗಳನ್ನು ವರ್ಷಕ್ಕೊಮ್ಮೆ ಕೊಂದಿದ್ದಳು, ಅಣ್ಣನಿಗಿಂತ ಬಹಳ ಮೊದಲು.

ಹೊತ್ತು ಇಳಿಯತೊಡಗಿತು. ಆರರ ಬಸ್ಸು ತಪ್ಪಿದರೆ ಇಲ್ಲೇ ಗುಡಾರದಲ್ಲಿ ಮಲಗಬೇಕು. ಒಂದೂವರೆ ಮೈಲು ಕುಂಟುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ, ಅದು ಅಣ್ಣನಿಗೂ ಗೊತ್ತಿತ್ತು. ಅವನು ಮೋಟಾರ್ ಸೈಕಲ್ಲು ಚಾಲೂ ಮಾಡಿ ಅವಳ ಮುಂದೆ ತಂದು ನಿಲ್ಲಿಸಿದ, ಕುಂಟುಗಾಲು ಇಡಲು ಅನುಕೂಲವಾಗುವಂತೆ ಒಂದಿಷ್ಟು ವಾಲಿಸಿ. ಇದಕ್ಕಿಂತ ಅವಮಾನ ಅವಳ ಜೀವಮಾನದಲ್ಲಿ ಆಗಿರಲಿಲ್ಲ. ಹತ್ತಿದಳು. ಕಾಲುವೆಯ ದಾರಿ ಎತ್ತಿ ಹಾಕುತ್ತಿತ್ತು, ಬೀಳಬಾರದೆಂದರೆ ಅವನ ಭುಜ ಹಿಡಿಯಬೇಕು. ಮೊದಲ ತಗ್ಗಿಗೆ ಹಿಡಿಯಲಿಲ್ಲ. ಎರಡನೆಯ ತಗ್ಗಿಗೆ ಹಿಡಿದಳು. ಟ್ರಂಕು ಹೊತ್ತಿದ್ದ ಭುಜ ಈಗ ಎಲುಬೆಲುಬಾಗಿತ್ತು. ಸ್ಟ್ಯಾಂಡಿನಲ್ಲಿ ಅವನು ಅಂಗಡಿಗೆ ಹೋಗಿ ಬಂದು ಕರದಂಟಿನ ಡಬ್ಬಿಯೊಂದನ್ನು ಅವಳ ಮುಂದೆ ಹಿಡಿದ. ಅದರ ಮೇಲೆ ಇವತ್ತು ಪೊಟ್ಟಣವಿರಲಿಲ್ಲ. ಬೀಸಿ ಒಗೆಯಬೇಕೆಂದುಕೊಂಡಳು, ಕೈ ಎಂದಿನ ರೂಢಿಗೆ ಚಾಚಿ ಇಸಿದುಕೊಂಡಿತು.

"ನಂಬರ ಬೇಕಂದಿದ್ದೆಂತ, ಕರೆವ್ವ ಹೇಳಿದ್ಲು" ಎಂದು ಅವನು ಅಂಗಿಯ ಕಿಸೆಯಿಂದ ಆಧಾರ್ ಕಾರ್ಡಿನ ಝೆರಾಕ್ಸು ತೆಗೆದುಕೊಟ್ಟ. "ಯಾತಕ್ಕ?"

ಅವಳು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಬಸ್ಸು ಬಂತು.

ಮರುದಿನ ಸೋಮಶೇಖರ ಸರ್ ಎರಡು ಸಲ ಬಂದು ನೋಡಿಹೋದರು. ಗೋಕಾಕಿಗೆ ಹೋಗುವ ಟಪಾಲು ಹನ್ನೆರಡಕ್ಕೆ ಕಟ್ಟಬೇಕಿತ್ತು. ಕಸ್ತೂರಿ ಬೆಳಿಗ್ಗೆಯೇ ಮನೆ ಮಾರುವವನಿಗೆ ಫೋನು ಮಾಡಿ ತನ್ನಿಂದ ಆಗುವುದಿಲ್ಲ ಎಂದು ಹೇಳಿದ್ದಳು. ಮುಂಗಡ ವಾಪಸ್ ಕೇಳಬೇಡ್ರಿ ಎಂದು ಅವನು ಮೊದಲೇ ಹೇಳಿ ಫೋನು ಇಟ್ಟುಬಿಟ್ಟಿದ್ದ. ಮೂರನೆಯ ಸಲ ಬಂದಾಗ ಸರ್ ಎದುರಿನ ಕುರ್ಚಿಯಲ್ಲಿ ಕೂತರು. ಅವಳು ಆಸ್ತಿ ವಿವರದ ಹಾಳೆಯನ್ನು ಮುಂದೆ ಎಳೆದುಕೊಂಡು, ಸ್ಥಿರಾಸ್ತಿ ಇಲ್ಲ ಎಂದು ಬರೆದಳು, ಚರಾಸ್ತಿ ಇಲ್ಲ ಎಂದು ಬರೆದಳು, ಮೇಲಿನ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ ಎಂಬಲ್ಲಿ ಸಹಿ ಹಾಕಿದಳು.

"ಎಲ್ಲಾ ಬರೋಬರ್ ಐತಿಲ್ರಿ ಬಾಯಾರ?"

"ಈ ಸಲ ಖರೆ ಬರದೇನ್ರಿ ಸರ್."

ಅವರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ಪೆನ್ಶನ್ನಿನ ಹಾಳೆ ತಿರುವಿ ಕೊನೆಯ ಪುಟದಲ್ಲಿ ಬೆರಳಿಟ್ಟು, "ಇದೊಂದ ಬಿಟ್ಟೀರಿ ನೋಡ್ರಿ, ನಾಮಿನಿದು" ಎಂದರು.

"ಬಿಟ್ಟ ಬಿಡೂನ್ರಿ. ಯಾರ ಹೆಸರೂ ಬ್ಯಾಡ."

"ಹೆಂಗ ಬಿಡಾಕ ಬರತೈತ್ರಿ? ಖಾಲಿ ಬಿಟ್ರ ಕಂಪ್ಯೂಟರ ತಗೊಳ್ಳೂದಿಲ್ಲ, ನಮಗೆಲ್ಲಾ ನೀವ ಕಲಿಸೀರಿ. ಮನಷಾ ಅಂದಮ್ಯಾಗ ಒಬ್ರ ಹೆಸರ ಇರಾಕ ಬೇಕ್ರಿ ಅಂತಿದ್ರಿ."

ಹಾಗೆ ಅನ್ನುತ್ತಿದ್ದುದು ಹೌದು. ಮಕ್ಕಳಿಲ್ಲದ ಡ್ರಿಲ್ ಮಾಸ್ತರರಿಗೆ ಒಮ್ಮೆ ಇದೇ ಮಾತು ಹೇಳಿ, ಅವರು ತಲೆ ತಗ್ಗಿಸಿ ಕೂತದ್ದನ್ನು ನೋಡಿಯೂ ನೋಡದ ಹಾಗೆ ಪೆನ್ನು ಮುಂದೆ ಮಾಡಿದ್ದಳು. ಈಗ ಸರ್ ತಮ್ಮ ಕಿಸೆಯ ಪೆನ್ನನ್ನು ಹಾಗೆಯೇ ಅವಳ ಮುಂದೆ ಹಿಡಿದಿದ್ದರು. ಅವಳು ಯೋಚಿಸಿದಳು. ಹುಕ್ಕೇರಿಯ ಮನೆಯಲ್ಲಿ ಯಾರು ಬದುಕಿದ್ದಾರೋ, ಯಾರು ಇಲ್ಲವೋ. ಕರೆವ್ವನ ಹೆಸರು ಬರೆಯಲೇ ಎಂದುಕೊಂಡಳು. ಮೂರು ವರ್ಷ ಆ ಗಂಟನ್ನು ತಲೆಬುಡದಲ್ಲಿಟ್ಟುಕೊಂಡು ಮಲಗಿದವಳು, ನಿದ್ದೆ ಬರದಿದ್ದರೂ ಬಾಯಿ ಬಿಡದವಳು. ಹೆಸರುಗಳನ್ನು ಹುಡುಕುತ್ತ ಅರವತ್ತು ವರ್ಷವನ್ನು ಹಿಂದುಮುಂದಾಗಿ ತಿರುಗಿ ಬಂದಳು. ನಿನ್ನೆ ಬೇಲಿಯ ಹತ್ತಿರ ನಿಂತು ಎಡಗಿವಿ ಹುಡುಕಿದ ಹಾಗೆಯೇ ಆಯಿತು. ಅಣ್ಣನನ್ನು ಬಿಟ್ಟರೆ ಅವಳಿಗೆ ಲೋಕದಲ್ಲಿ ಬೇರೆ ಒಬ್ಬರೂ ಇರಲಿಲ್ಲ. ಅವನನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ ಎಂಬುದು ಅವಳಿಗೆ ಖಚಿತವಿತ್ತು, ಆ ಸಿಟ್ಟು ಒಲೆಯ ಹಾಗೆ ಒಳಗೆ ಉರಿಯುತ್ತಲೇ ಇತ್ತು. ಹೊರಗೆ ಸಾಲೆಯ ಗಂಟೆ ಹೊಡೆಯಿತು.

"ಟಪಾಲ ಕಟ್ಟೂದೈತ್ರಿ ಬಾಯಾರ" ಎಂದರು ಸರ್, ಮೆತ್ತಗೆ.

ಕಸ್ತೂರಿ ಚೀಲದಿಂದ ಝೆರಾಕ್ಸಿನ ಹಾಳೆ ತೆಗೆದು ಬಿಡಿಸಿದಳು. ಹೆಸರಿನ ಮುಂದೆ ಮುತ್ತಪ್ಪ ಎಂದು ಬರೆದಳು. ಹನ್ನೆರಡು ಅಂಕಿಗಳನ್ನು ಎರಡು ಸಲ ತಾಳೆ ನೋಡಿ ಬರೆದಳು. ಸಂಬಂಧ ಎಂಬಲ್ಲಿ ಅಣ್ಣ ಎಂದು ಬರೆದಳು. ಕೊನೆಗೆ ಉಳಿದದ್ದು ಶೇಕಡಾ ಎಷ್ಟು ಪಾಲು ಎಂಬ ಸಣ್ಣ ಚೌಕ, ಅದರಲ್ಲಿ ನೂರು ಎಂದು ಬರೆದು ಪೆನ್ನನ್ನು ಸರ್ ಕೈಗೆ ಕೊಟ್ಟಳು.